ವ್ಯಾನು ಯಾರ ಹೆಸರಿಗೆ

ಒಂದು ರವಿಕೆಯ ತೋಳು ಹೊಲಿಯುವಷ್ಟರಲ್ಲಿ ಮೂರು ಸಲ ನಿಲ್ಲಿಸಿದೆ. ಮಷಿನ್ ತುಳಿಯಲು ಉಸಿರು ಸಾಲುತ್ತಿರಲಿಲ್ಲ.

ರಾಂಪುರದಲ್ಲಿ ಹದಿನೆಂಟು ವರ್ಷದಿಂದ ಹೊಲಿಗೆ ಮಾಡುತ್ತಿದ್ದೇನೆ. ಮದುವೆಗಳ ಕಾಲದಲ್ಲಿ ಊಟಕ್ಕೂ ಏಳದೆ ಹೊಲಿದವಳು. ಆಯಾಸ ಇರಬೇಕು ಅಂದುಕೊಂಡೆ. ಆಮೇಲೆ ಬಿಂದಿಗೆ ಎತ್ತುವಾಗ, ಕೊನೆಗೆ ತಲೆ ಬಾಚಿಕೊಳ್ಳುವಾಗಲೂ ಏದುಸಿರು. ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗೆ. ಗೋಡೆಗೆ ಎರಡು ದಿಂಬು ಇಟ್ಟು ಕೂತೇ ನಿದ್ದೆ ಮಾಡತೊಡಗಿದೆ.

ನಮ್ಮ ಯಜಮಾನರು ಬೋರಣ್ಣ, ಶೇಂಗಾ ಮಿಲ್ಲಿನಲ್ಲಿ ಹಮಾಲಿ. ಕೆಲಸ ಬಿಟ್ಟು ಚಳ್ಳಕೆರೆಗೆ ಕರೆದುಕೊಂಡು ಹೋದರು. ಡಾಕ್ಟರು ಎದೆಗೆ ಎಕೋ ಸ್ಕ್ಯಾನ್ ಮಾಡಿ ಕೇಳಿದರು:

“ಚಿಕ್ಕವರಿದ್ದಾಗ ಜ್ವರ, ಕೀಲುನೋವು ಬಂದಿತ್ತಾ ಅಮ್ಮಾ?”

ಬಂದಿತ್ತು. ಅವ್ವ ಎಣ್ಣೆ ತಿಕ್ಕಿದ್ದಳು. ವಾಸಿಯಾಗಿತ್ತು.

“ಅದು ಆವಾಗಲೇ ಹೃದಯದ ವಾಲ್ವ್‌ಗೆ ಹೋಗಿದೆ. ಮಾತ್ರೆಯಿಂದ ಸರಿಯಾಗಲ್ಲ. ವಾಲ್ವ್ ಬದಲಾಯಿಸಬೇಕು. ತಡ ಮಾಡಬೇಡಿ.”

ಎದೆ ಸೀಳುತ್ತಾರೆ ಎಂಬುದಷ್ಟೇ ನನಗೆ ಅರ್ಥವಾಗಿದ್ದು.

ಬಿಪಿಎಲ್ ಕಾರ್ಡ್ ಇದ್ದರೆ ಆಪರೇಷನ್ ಪೂರ್ತಿ ಉಚಿತ ಎಂದು ಡಾಕ್ಟರೇ ಧೈರ್ಯ ಹೇಳಿ, ದೂರದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿಯ ಕೌಂಟರಿನಲ್ಲಿದ್ದ ಹುಡುಗಿ ನಮ್ಮ ಕಾರ್ಡಿನ ನಂಬರ್ ಹಾಕಿ ನೋಡಿದಳು. ಇನ್ನೊಂದು ಸಲ ಹಾಕಿದಳು.

“ನಿಮ್ಮದು ಈ ತಿಂಗಳಿಂದ ಎಪಿಎಲ್ ಅಂತ ತೋರಿಸ್ತಿದೆ. ಪೂರ್ತಿ ಉಚಿತ ಆಗಲ್ಲ.”

ಇಲ್ಲಿ ಒಂದು ವಿಷಯ ಮುಚ್ಚಿಡದೆ ಬರೆಯಬೇಕು. ಸುಳ್ಳು ಕಾರ್ಡುಗಳನ್ನು ತೆಗೆಯುವ ಮಾತು ನಮ್ಮ ಗ್ರಾಮಸಭೆಗೆ ಬಂದಾಗ ಮೊದಲು ಎದ್ದು ನಿಂತವಳು ನಾನು. “ಟ್ರ್ಯಾಕ್ಟರ್ ಇದ್ದೋರು, ಕಾರಿದ್ದೋರು ಅಕ್ಕಿ ತಂದು ಮಾರ್ಕೊಂತಾರೆ. ಅಂಥ ಕಾರ್ಡು ಕಿತ್ತು ಹಾಕ್ರಿ, ನಿಜವಾದ ಬಡವರಿಗೆ ಉಳೀಲಿ” ಅಂದಿದ್ದೆ. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದ್ದರು. ಆ ಮಾತು ತಪ್ಪು ಅಂತ ಇವತ್ತಿಗೂ ನನಗೆ ಅನ್ನಿಸಿಲ್ಲ. ಆದರೆ ಆ ಹೊತ್ತಿನಲ್ಲಿ ನಾನು ನಿಂತಿದ್ದ ಜಾಗ ಯಾವುದು ಎಂದು ನನಗೇ ಗೊತ್ತಿರಲಿಲ್ಲ.

ಮೊಳಕಾಲ್ಮೂರಿನ ತಾಲ್ಲೂಕು ಕಚೇರಿಗೆ ಹೋದೆವು. ಆಹಾರ ಇಲಾಖೆಯವರು ಒಳ್ಳೆಯ ಮನುಷ್ಯರು. ನನ್ನ ಏದುಸಿರು ಕಂಡು ತಾವು ಕೂತಿದ್ದ ಕುರ್ಚಿಯನ್ನೇ ಕೊಟ್ಟರು. ಕಂಪ್ಯೂಟರ್ ನೋಡಿ, “ಯಜಮಾನ್ರ ಹೆಸರಾಗೆ ನಾಲ್ಕು ಚಕ್ರದ ವೈಟ್ ಬೋರ್ಡ್ ಗಾಡಿ ಐತಲ್ಲಮ್ಮಾ” ಅಂದರು.

ಆ ಗಾಡಿ ನನ್ನ ಮೈದುನ ತಿಪ್ಪೇಶನದು. ಹಳೆಯ ವ್ಯಾನು. ಬಟ್ಟೆ ತುಂಬಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಾನೆ. ಕೊಳ್ಳುವಾಗ ಅವನ ಆಧಾರಿನಲ್ಲಿ ಹೆಸರು ತಪ್ಪಾಗಿತ್ತು. ತಿದ್ದಿಸುವ ತನಕ ಕಾಯದೆ ಅಣ್ಣನ ಹೆಸರಿಗೆ ಮಾಡಿಸಿದ್ದ. ನಾವು ಅದನ್ನು ಮರೆತೇಬಿಟ್ಟಿದ್ದೆವು.

“ನಮ್ದಲ್ಲ ಸಾರ್ ಅದು” ಅಂದರು ಯಜಮಾನರು.

“ಪೇಪರ್‌ನಾಗೆ ನಿಮ್ದೇ. ಅವರ ಹೆಸರಿಗೆ ಮಾಡಿಸ್ಕೊಂಡು ಬರ್ರಿ, ನಾನು ಬರೆದು ಕಳಿಸ್ತೀನಿ.”

ವಾಪಸ್ ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿಗೆ ಜೋತುಬಿದ್ದು ನಿಂತಿದ್ದೆ. ಮುಂದೆ ಕೂತಿದ್ದ ಒಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: “ಬಿಟ್ಟಿ ಬಸ್ಸು, ಬಿಟ್ಟಿ ಅಕ್ಕಿ. ಎಲ್ಲಾ ಇದಕ್ಕೇ ಸುರಿದ್ರೆ ರಸ್ತೆ ಮಾಡೋದು ಯಾವುದ್ರಾಗೆ?” ಹಿಂದಿನಿಂದ ಒಬ್ಬ ಅಜ್ಜಿ, “ಬಸ್ಸಿಲ್ದೆ ನಾನು ದವಾಖಾನೆ ಮುಖಾನೇ ನೋಡಿರ್ಲಿಲ್ಲಪ್ಪಾ” ಅಂದಳು. ಮೊದಲಾಗಿದ್ದರೆ ನಾನೂ ಬಾಯಿ ಹಾಕುತ್ತಿದ್ದೆ. ಈಗ ಇಬ್ಬರ ಮಾತೂ ಸರಿ ಅನ್ನಿಸುತ್ತಿತ್ತು. ಮಾತಾಡಲು ಉಸಿರೂ ಇರಲಿಲ್ಲ.

ತಿಪ್ಪೇಶ ಎಲ್ಲ ಕೇಳಿಸಿಕೊಂಡ. ತಲೆ ಎತ್ತಲಿಲ್ಲ.

“ನನ್ ಹೆಸರಿಗೆ ಬಂದ್ರೆ ನಮ್ ಕಾರ್ಡು ಹೋಗ್ತೈತಣ್ಣಾ.”

ನಮಗೆ ಅದು ಹೊಳೆದಿರಲಿಲ್ಲ. ಅವನ ಸಂಸಾರದ ಕಾರ್ಡು ಬೇರೆ. ಮನೆಯಲ್ಲಿ ಇಬ್ಬರು ಮಕ್ಕಳು, ಶುಗರ್ ಇರುವ ನಮ್ಮ ಅತ್ತೆ. ವ್ಯಾನು ಮಾರಿದರೆ ಅವರ ಹೊಟ್ಟೆಪಾಡೇ ಹೋಯಿತು. ಇಟ್ಟುಕೊಂಡರೆ ಎರಡು ಮನೆಗಳಲ್ಲಿ ಒಂದರ ಕಾರ್ಡು ಹೋಗಲೇಬೇಕು. ಅವನ ಹೆಂಡತಿ ರೇಣುಕಾ ಬಾಗಿಲಲ್ಲಿ ನಿಂತು, “ಅಕ್ಕನ ಜೀವ ದೊಡ್ಡದೇ. ನನ್ ಮಕ್ಕಳದೂ ಜೀವಾನೇ” ಅಂದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಿಸಿದೆ. ಆಗಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ವಾರಗಳು ಹೋದವು. ಯಾರನ್ನೂ ಬೈಯುವಂತಿಲ್ಲ. ನಿಯಮ ನಾನೇ ಬೇಡಿದ್ದು. ಅಧಿಕಾರಿ ಮರ್ಯಾದೆಯಿಂದ ನಡೆದುಕೊಂಡವರು. ಮೈದುನ ನನ್ನ ಕೈತುತ್ತು ಉಂಡು ಬೆಳೆದವನು. ಬೈಯಲು ಒಬ್ಬರಾದರೂ ಇದ್ದಿದ್ದರೆ ಎದೆ ಹಗುರಾಗುತ್ತಿತ್ತೇನೋ. ಹೊಸ್ತಿಲ ಮೇಲೆ ಕೂತು ಗಾಳಿಗೆ ಬಾಯಿ ತೆರೆದುಕೊಂಡು ಇರುತ್ತಿದ್ದೆ. ಕಾಲು ಊದಿ ಚಪ್ಪಲಿ ಹಿಡಿಸದಂತಾಯಿತು.

ಒಂದು ಬೆಳಿಗ್ಗೆ ಕೆಮ್ಮಿದಾಗ ಗುಲಾಬಿ ಬಣ್ಣದ ನೊರೆ ಬಂತು.

ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದು ಚಳ್ಳಕೆರೆಯಲ್ಲಿ ಅಡ್ಮಿಟ್ ಮಾಡಿಕೊಂಡರು. ಕರೆದುಕೊಂಡು ಹೋಗಿದ್ದು ತಿಪ್ಪೇಶನ ಆ ವ್ಯಾನಿನಲ್ಲೇ. ಸೀರೆ ಗಂಟುಗಳನ್ನು ಸರಿಸಿ ನನ್ನನ್ನು ಕೂರಿಸಿದ್ದ. ಮೂರನೆಯ ದಿನ ಮಧ್ಯಾಹ್ನ ವಾರ್ಡಿಗೆ ಬಂದು, ಆಕ್ಸಿಜನ್ ಮಾಸ್ಕಿನ ಕಡೆ ನೋಡುತ್ತಾ ನಿಂತ.

“ಆಧಾರ್ ತಿದ್ದಾಕೆ ಕೊಟ್ಟೆ ಅತ್ತಿಗೆ. ಬಂದ ಕೂಡ್ಲೇ ವ್ಯಾನು ನನ್ ಹೆಸರಿಗೆ ಬರೆಸ್ತೀನಿ.”

ಮಾಸ್ಕ್ ಸರಿಸಿ ಕೇಳಿದೆ: “ರೇಣುಕಾ?”

“ಮಾತಾಡ್ತಿಲ್ಲ.”

ಕಾಗದ ಕಚೇರಿಯಿಂದ ಕಚೇರಿಗೆ ಹೋಗಿ, ಕಾರ್ಡು ಮತ್ತೆ ಬಿಪಿಎಲ್ ಆಗಿ, ಆಪರೇಷನ್ನಿಗೆ ನನ್ನ ಸರದಿ ಬರುವ ತನಕ ಮಾತ್ರೆಗಳಲ್ಲೇ ದಿನ ತಳ್ಳಿದೆ. ಆಪರೇಷನ್ ಆಯಿತು. ಐಸಿಯುನಲ್ಲಿ ಎಚ್ಚರವಾದಾಗ ಎದೆಯೊಳಗೆ ಗಡಿಯಾರದಂಥ ಸಣ್ಣ ಸದ್ದು ಕೇಳಿಸಿತು. ಹೊಸ ವಾಲ್ವ್ ಹಾಗೇ ಸದ್ದು ಮಾಡುತ್ತದೆ ಎಂದು ಸಿಸ್ಟರ್ ಹೇಳಿದರು. ಕಣ್ಣೀರು ಕಿವಿಗೆ ಇಳಿಯಿತು. ಒರೆಸಿಕೊಳ್ಳಲು ಕೈ ಏಳಲಿಲ್ಲ.

ಈಗ ನಾಲ್ಕು ತಿಂಗಳಾಗಿದೆ. ರಕ್ತ ತೆಳುವಾಗಿಡುವ ಮಾತ್ರೆಯನ್ನು ಬದುಕಿರುವ ತನಕ ನುಂಗಬೇಕು. ಆಗಾಗ ರಕ್ತ ಕೊಟ್ಟು, ಅದು ಹದದಲ್ಲಿದೆಯೇ ಎಂದು ಐಎನ್‌ಆರ್ ನೋಡಿಸಬೇಕು. ಮಲಗಿದರೆ ನಿದ್ದೆ ಬರುತ್ತದೆ. ರವಿಕೆಗಳಿಗೆ ಕೈಯಲ್ಲಿ ಕಾಜಾ ಹೊಲಿಯುವುದು, ಹುಕ್ಸ್ ಹಾಕುವುದು ಇಷ್ಟೇ ಸದ್ಯಕ್ಕೆ ನನ್ನ ಕೆಲಸ.

ತಿಪ್ಪೇಶನ ಮನೆಯ ಕಾರ್ಡು ಹೋಯಿತು. ರೇಷನ್ನಿನಲ್ಲಿ ನಮ್ಮ ಪಾಲಿಗೆ ಬಂದ ಅಕ್ಕಿಯಲ್ಲಿ ಅರ್ಧವನ್ನು ಹೋದ ವಾರ ರೇಣುಕಾಳ ಮನೆಗೆ ತೆಗೆದುಕೊಂಡು ಹೋದೆ. ಅವಳು ಬೇಡವೆನ್ನಲಿಲ್ಲ. ಬೇಕೆಂದೂ ಅನ್ನಲಿಲ್ಲ. ಮೊರದಲ್ಲಿ ಸುರಿದುಕೊಂಡು ಕಲ್ಲು ಆರಿಸುತ್ತಾ ಕೂತಳು. ಎದುರಿಗೆ ಕೂತು ನಾನೂ ಆರಿಸತೊಡಗಿದೆ. ಕಲ್ಲೊಂದನ್ನು ಎತ್ತಿ ಎಸೆದು ಕೇಳಿದಳು:

“ನಾಳೆ ನಮ್ ಮನ್ಯಾಗೆ ಯಾರಿಗಾದ್ರೂ ಹಿಂಗೇ ಆದ್ರೆ, ಅಕ್ಕಾ?”

ಆಗಲ್ಲ ಬಿಡು ಎಂದು ಹೇಳಲು ನಾಲಿಗೆ ಬರಲಿಲ್ಲ. ಅಕ್ಕಿ ಮುಗಿಯುವ ತನಕ ಇಬ್ಬರೂ ಕಲ್ಲು ಆರಿಸಿದೆವು.

ಏಳುವಾಗ, “ಬರೋ ತಿಂಗಳೂ ತರ್ತೀನಿ” ಅಂದೆ.

ಅವಳು ನನ್ನ ತೋಳಿಗೆ ಕೈ ಕೊಟ್ಟು ಎಬ್ಬಿಸುತ್ತಾ, “ಹೊತ್ಕೊಂಡು ಬರಬ್ಯಾಡ್ರಿ. ನಾನೇ ಬಂದು ತಗೊಂಡು ಹೋಗ್ತೀನಿ” ಅಂದಳು.