ಅರಬೈಲ್ ಏರಿನಲ್ಲಿ ಜೆಲ್ಲು, ಬರಿ ನೀರು

ನನ್ನ ಹೆಂಡತಿ ನಲವತ್ತು ದಾಟಿದ ಮೇಲೆ ಸೈಕಲ್ ಹಿಡಿದವಳು. ಅರಬೈಲ್ ಘಾಟಿ ಇಳಿದು, ಮತ್ತೆ ಯಲ್ಲಾಪುರದ ಕಡೆಗೆ ಹತ್ತುವಾಗ ಎರಡು ಸಲ ಅರ್ಧದಲ್ಲೇ ಇಳಿದು ತಳ್ಳಿಕೊಂಡು ಬಂದಿದ್ದಳು. ಮೂರನೇ ಸಲ ಹೊರಡುವಾಗ, "ಇವತ್ತೂ ತಳ್ಳಿದ್ರೆ ಸೈಕಲ್ ಮಾರಿಬಿಡಿ" ಎಂದಳು. ಅವಳು ಅಂದಿದ್ದನ್ನು ಮಾಡುವವಳೇ.

ದಾರಿಯ ಆಹಾರ ಹೊಂದಿಸುವುದು ನನ್ನ ಪಾಲಿಗೆ ಬಂತು. ಚೌಕಾಸಿ ಮಾಡಿಯೇ ಅಂಗಡಿ ಕಟ್ಟಿದವನು ನಾನು. ಹುಬ್ಬಳ್ಳಿಯಲ್ಲಿ ಎನರ್ಜಿ ಜೆಲ್ಲಿನ, ಅಂದರೆ ಸೈಕಲ್ಲಿನವರು ದಾರಿಯಲ್ಲಿ ನುಂಗುವ ಸಿಹಿ ಲೇಹದ ಪೊಟ್ಟಣಗಳ, ಪೂರಾ ಡಬ್ಬಿ ತೆಗೆದುಕೊಂಡು, ಅದರ ಮೇಲೆ ಸ್ಪೋರ್ಟ್ಸ್ ಡ್ರಿಂಕಿನ ಪುಡಿಯನ್ನು ಪುಕ್ಕಟೆ ಹಾಕಿಸಿಕೊಂಡು ಬಂದೆ. ಒಟ್ಟಿಗೆ ಸಿಕ್ಕಿದ್ದನ್ನು ಒಟ್ಟಿಗೇ ಕೊಡುವುದೆಂದುಕೊಂಡೆ. ಅವಳ ಬಾಟಲಿಯ ನೀರಿಗೆ ಪುಡಿಯನ್ನೂ ಧಾರಾಳವಾಗಿಯೇ ಕಲಸಿದೆ.

ಘಟ್ಟದ ಬುಡದಿಂದ ಅವಳು ಹತ್ತತೊಡಗಿದಳು. ಹಿಂದೆ ಸ್ಕೂಟರಿನಲ್ಲಿ ನಾನು, ಪಕ್ಕದಲ್ಲಿ ಸಾಲು ಲಾರಿ. ಒಂದು ಜೆಲ್ ತಿಂದು ಮೇಲೆ ಆ ದಪ್ಪ ಪಾನಕ ಕುಡಿದಳು; ಸ್ವಲ್ಪ ಹೊತ್ತಿಗೆ ಇನ್ನೊಂದು. ಒಂದು ತಿರುವಿನಲ್ಲಿ ಸೈಕಲ್ ನಿಂತಿತು. ಇಳಿಯಲಿಲ್ಲ, ಒಂದು ಕಾಲು ಮಾತ್ರ ನೆಲಕ್ಕೆ ಊರಿ ಹೊಟ್ಟೆ ಹಿಡಿದುಕೊಂಡಳು.

"ಸುಸ್ತಾತಾ? ಇನ್ನೊಂದು ತಗ," ಎಂದೆ.

"ನಿಮ್ಮ ಮಾಲು ಖಾಲಿ ಮಾಡಲೆ ಎನ್ನ ಹೊಟ್ಟೆನೇ ಬೇಕಾತಾ? ಕಾಲು ಗಟ್ಟಿ ಇದ್ದು. ಹೊಟ್ಟೆ ತೊಳಸ್ತಾ ಇದ್ದು. ಬರಿ ನೀರು ಇದ್ರೆ ಕೊಡಿ."

ಸ್ಕೂಟರಿನಲ್ಲಿ ನನಗೆಂದು ಇಟ್ಟುಕೊಂಡ ನೀರಿತ್ತು. ಅವಳ ಬಾಟಲಿಯಲ್ಲಿದ್ದ ಪಾನಕವನ್ನು ಚರಂಡಿಗೆ ಸುರಿದು, ಬಾಟಲಿ ತೊಳೆದು, ಆ ನೀರು ತುಂಬಿದೆ.

"ನೀವು ಒಂದು ಪದಾರ್ಥ ಚೆಲ್ಲಿದ್ದು ಇವತ್ತೇ ನೋಡಿದ್ದು," ಎಂದು ನಕ್ಕಳು. ಆ ನಗು ನೋಡಿ ಹೋದ ಜೀವ ಬಂದಂತಾಯಿತು.

ಬಾಯಿ ಮುಕ್ಕಳಿಸಿ, ಗುಟುಕು ಗುಟುಕಾಗಿ ಕುಡಿದು, ಹೊಟ್ಟೆ ತಣ್ಣಗಾದ ಮೇಲೆ ಸಣ್ಣ ಗೇರಿನಲ್ಲಿ ಹೊರಟಳು. ಎಷ್ಟೋ ತಿರುವು ಕಳೆದು ಅವಳೇ ಕೈ ಚಾಚಿ ಜೆಲ್ ಕೇಳಿದಳು. ಅರ್ಧ ನುಂಗಿ ಮೇಲೆ ನೀರು ಕುಡಿದಳು. ಅದು ಒಳಗೆ ನಿಂತಿತು. ನೀವೂ ಯಾರಿಗಾದರೂ ಕೊಡುವುದಿದ್ದರೆ ಕೇಳಿ: ಜೆಲ್ಲಿಗೆ ಬರಿ ನೀರೇ ಜೊತೆ. ಸಿಹಿಯ ಮೇಲೆ ಸಿಹಿ ಬಿದ್ದರೆ ಹೊಟ್ಟೆ ಮುಷ್ಕರ ಹೂಡುತ್ತದೆ. ಪುಡಿಯನ್ನು ಪ್ಯಾಕೆಟಿನ ಮೇಲೆ ಹೇಳಿದಷ್ಟೇ ಕಲಸಿ. ಮನೆ ಹತ್ತಿರದ ರಸ್ತೆಯಲ್ಲಿ ಒಮ್ಮೆ ಕುಡಿಸಿ ನೋಡದೆ ಘಟ್ಟಕ್ಕೆ ಒಯ್ಯಬೇಡಿ.

ಏರು ಮುಗಿದು ರಸ್ತೆ ಸಪಾಟಾದಾಗ ಅವಳು ಇನ್ನೂ ಸೀಟಿನ ಮೇಲೇ ಇದ್ದಳು. ಒಂದು ಸಲವೂ ತಳ್ಳಿರಲಿಲ್ಲ. ನಾನು ಸ್ಕೂಟರ್ ಬದಿಗೆ ಹಾಕಿ, ಅವಳಿಗೆ ಹೇಳದೆ ಸೈಕಲ್ಲಿಗೆ ಗೊತ್ತುಮಾಡಿಟ್ಟಿದ್ದ ಗಿರಾಕಿಗೆ ಫೋನ್ ಹಚ್ಚಿದೆ.

"ಸೈಕಲ್ ಕೊಡ್ತ್ನಿಲ್ಲೆ ಮಾರಾಯ."

ಅವ ನನ್ನ ಚೌಕಾಸಿ ಬಲ್ಲವ. "ಎಷ್ಟು ಹೆಚ್ಚಿಗೆ ಬೇಕು, ಹೇಳಿಬಿಡಿ" ಎಂದ.

ಮಾತು ಬೆಳೆಸದೆ ಫೋನ್ ಕಿಸೆಗಿಟ್ಟು, ಅವಳನ್ನು ಹಿಡಿಯಲು ಸ್ಕೂಟರ್ ಓಡಿಸಿದೆ.