ಫೋನು ಒಪ್ಪದ ಮುಖ

ನಮ್ಮ ಅಂಗನವಾಡಿಯಲ್ಲಿ ಮೊದಲೆಲ್ಲ ಪೌಷ್ಟಿಕ ಹಿಟ್ಟಿನ ಪೊಟ್ಟಣ ಕೊಡುವುದು ಐದು ನಿಮಿಷದ ಕೆಲಸವಾಗಿತ್ತು. ತಾಯಿ ಬರುತ್ತಿದ್ದಳು, ನಾನು ಮಗುವನ್ನು ತೂಗುತ್ತಿದ್ದೆ, ಪೊಟ್ಟಣದ ಜೊತೆಗೆ ನಾಲ್ಕು ಬುದ್ಧಿಮಾತನ್ನೂ ಪುಕ್ಕಟೆಯಾಗಿ ಕೊಟ್ಟು ಕಳಿಸುತ್ತಿದ್ದೆ. ಈಗ ತಾಯಿ ತನ್ನ ಮುಖವನ್ನು ಫೋನಿಗೆ ತೋರಿಸಬೇಕು. ಆಧಾರ್ ಕಾರ್ಡಿಗೆ ತೆಗೆಸಿದ ಮುಖವೂ ಇದೂ ಒಂದೇ ಎಂದು ಫೋನು ಒಪ್ಪಬೇಕು. ಒಪ್ಪಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಕೆಂಪು ಬಂದವರಿಗೆ ಕೊಟ್ಟರೆ ದಾಸ್ತಾನಿನ ಲೆಕ್ಕ ತಪ್ಪಿ ನನ್ನ ತಲೆಗೆ ಬರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಾನೇ ಎಂದು ಓಣಿಯವರು ತಿಳಿದಿದ್ದಾರೆ. ನಾನು ಪೂಜಾರಿಯೂ ಅಲ್ಲ, ಗಂಟೆ ಬಾರಿಸುವವಳು.

ನಮ್ಮ ಓಣಿ ಹೊಸಪೇಟೆಯ ಹೊರಗೆ, ಸಂಡೂರಿನ ಕಡೆಯಿಂದ ಅದಿರು ಲಾರಿಗಳು ಬರುವ ದಾರಿಯಲ್ಲಿದೆ. ಫೋನಿನ ಗಾಜಿನ ಮೇಲಿನ ಕೆಂಪು ಧೂಳನ್ನು ಸೆರಗಿನಿಂದ ಒರೆಸದೆ ನಾನು ಯಾರ ಮುಖವನ್ನೂ ತೋರಿಸುವುದಿಲ್ಲ. ಎಷ್ಟು ಒರೆಸಿದರೂ ಅದು ಒಪ್ಪದಿದ್ದದ್ದು ಒಬ್ಬಳನ್ನು.

ಆಕೆ ಚೊಚ್ಚಲ ಬಾಣಂತಿ. ತವರು ಕಂಪ್ಲಿ. ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಬಂದಿದ್ದಳು. ಮಗು ನೋಡಿಕೊಳ್ಳಲು ನಾಲ್ಕು ದಿನ ಇರಲೆಂದು ಬೆನ್ನಿಗೆ ಬಿದ್ದ ತಂಗಿಯೂ ಜೊತೆಗೆ ಬಂದಿದ್ದಳು. ಗಂಡ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ, ಪಾಳಿ ಮುಗಿಸಿ ಬಂದರೆ ಮಲಗುತ್ತಾನೆ. ಮಗುವಿಗೆ ಆರು ತಿಂಗಳು ತುಂಬಿತ್ತು. ತೊಡೆ ಮುಟ್ಟಿ ನೋಡಿದರೆ ನನ್ನ ಹೆಬ್ಬೆರಳಿನಷ್ಟು ಮಾಂಸವೂ ಸಿಗಲಿಲ್ಲ. ತಾಯಿಗೆ ಹಾಲು ಸಾಲುತ್ತಿರಲಿಲ್ಲ. ಮಗುವಿಗೆಂದೇ ಬಂದಿದ್ದ ಹಿಟ್ಟು ನನ್ನ ಕೋಣೆಯ ಮೂಲೆಯಲ್ಲಿತ್ತು. ಅದನ್ನು ಕೊಡಬೇಕಾದರೆ ತಾಯಿಯ ಮುಖ ಬೇಕು.

ಮುಖವೋ, ಅರ್ಧ ಬಟ್ಟೆಯೊಳಗೆ. ನಮ್ಮ ಕಡೆ ಬಾಣಂತಿಯ ಕಿವಿಗೆ ಅರಳೆಯಿಟ್ಟು, ಹಣೆಯಿಂದ ಗಲ್ಲದವರೆಗೆ ಬಟ್ಟೆ ಬಿಗಿಯುತ್ತಾರೆ. ಬೇರೆಯವರ ಮನೆಯಲ್ಲಿ ಮೂರು ತಿಂಗಳಿಗೆ ಬಿಚ್ಚಿದರೆ, ಇವಳ ಅತ್ತೆಯದು ಒಂಬತ್ತು ತಿಂಗಳ ಪದ್ಧತಿ. ಊಟದಲ್ಲೂ ಅದೇ ಪಥ್ಯ: ಮೆತ್ತಗಿನ ಅನ್ನ, ಬೆಳ್ಳುಳ್ಳಿ, ಮೆಣಸಿನ ಸಾರು. ಸೊಪ್ಪು ತಂಪು, ಬೇಳೆ ವಾಯು, ಹಣ್ಣು ಶೀತ. ಅತ್ತೆ ಕೆಟ್ಟವಳಲ್ಲ. ಹೊತ್ತುಹೊತ್ತಿಗೆ ಬಿಸಿನೀರು ಕಾಯಿಸಿ, ಸೊಂಟ ತಿಕ್ಕಿ, ಕೈಲಾದದ್ದನ್ನೆಲ್ಲ ಮಾಡುತ್ತಿದ್ದಳು. ಕೆಟ್ಟವಳಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು.

ಅವರ ಮನೆಗೇ ಹೋಗಿ ಫೋನು ಹಿಡಿದು, ಕೆಂಪು ಬಂದಾಗಲೆಲ್ಲ ನಾನು ಬೈದದ್ದು ಆ ಬಟ್ಟೆಯನ್ನೇ. ಬಿಚ್ಚಿಸಿ ಎಂದೆ. ಅತ್ತೆ ಜಗ್ಗಲಿಲ್ಲ.

"ಕಿವಿ ಬಿಚ್ಚಿದ್ರ ಗಾಳಿ ಹೊಕ್ಕಂತೈತ್ರೀ ಟೀಚರಮ್ಮ. ನಾಳೆ ಇದ್ದ ಹಾಲೂ ಹಿಂಗಿದ್ರ ನಿಮ್ ಫೋನು ಕುಡಸ್ತೈತೇನ್ರೀ?"

ಮೇಲ್ವಿಚಾರಕಿಗೆ ಫೋನು ಮಾಡಿದೆ. ಹೊಸಪೇಟೆಗೆ ಹೋಗಿ ಆಧಾರ್ ಫೋಟೊ ಬದಲಾಯಿಸಿಕೊಂಡು ಬರಲಿ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಬಾಗಿಲ ಹೊರಗೆ ಕಾಲಿಡಲು ಬಿಡದ ಬಾಣಂತಿಯನ್ನು ಬೆಳಗಿನಿಂದ ಸಾಲಿನಲ್ಲಿ ನಿಲ್ಲಿಸುವವರು ಯಾರು? ನನ್ನ ಕೈಯಿಂದ ಕೊಂಡು ಕೊಡೋಣವೆಂದರೆ, ನನ್ನ ಗೌರವಧನ ನನ್ನ ಮನೆಗೇ ಸಾಲದು. ಆದರೂ ಒಮ್ಮೆ ಒಂದು ಪಾವು ಹೆಸರುಬೇಳೆ ಒಯ್ದೆ. ಅದು ಬಾಣಂತಿಗೆ ಆಗಿಬರುವುದಿಲ್ಲವೆಂದು ಅತ್ತೆ ಮಗನ ಡಬ್ಬಿಗೆ ಬೇಯಿಸಿದಳು. ಸಿಟ್ಟು ಬಂತು. ಸಿಟ್ಟು ಮಾಡಿಕೊಂಡು ಏನು ಮಾಡಲಿ, ಹತ್ತು ತಾಸು ಕಬ್ಬಿಣದ ಬಿಸಿಯಲ್ಲಿ ನಿಲ್ಲುವವನೂ ಉಣ್ಣಬೇಕಲ್ಲ.

ಕೊನೆಗೆ ಅತ್ತೆಯೇ ಸೋತಳು. ಮಗು ಅಳುವುದನ್ನೂ ಕಡಿಮೆ ಮಾಡಿತ್ತು. ಅದನ್ನು ಕಂಡು ಹೆದರಿ, ಬಾಗಿಲು ಕಿಟಕಿ ಮುಚ್ಚಿದರೆ ಮಾತ್ರ ಬಟ್ಟೆ ಬಿಚ್ಚುತ್ತೇನೆ ಎಂದು ಒಪ್ಪಿದಳು. ಪೊಟ್ಟಣ ಚೀಲಕ್ಕೆ ಹಾಕಿಕೊಂಡು ಮತ್ತೆ ಹೋದೆ. ದೀಪ ಹಾಕಿದೆವು. ಅತ್ತೆ ಗಂಟು ಬಿಚ್ಚಿ, ಸುತ್ತು ಸುತ್ತಾಗಿ ಬಟ್ಟೆ ತೆಗೆದಳು.

ಅಷ್ಟು ದಿನ ಬಟ್ಟೆ ಏನು ಮುಚ್ಚಿತ್ತೆಂಬುದು ಆಗ ಕಂಡಿತು. ಕೆನ್ನೆ ಒಳಕ್ಕೆ ಹೋಗಿತ್ತು. ಹಣೆಯ ಮೇಲಿನ ಕೂದಲು ಉದುರಿತ್ತು. ಮುಖದಲ್ಲಿ ರಕ್ತದ ಬಣ್ಣವೇ ಇರಲಿಲ್ಲ. ಫೋನು ಹಿಡಿದೆ. ಕಣ್ಣು ಮಿಟುಕಿಸು ಎಂದೆ, ಮಿಟುಕಿಸಿದಳು. ಕೆಂಪು. ಗೋಡೆಗೆ ಆನಿಸಿ ಕೂಡಿಸಿದೆ. ಕೆಂಪು. ನಗು ನೋಡೋಣ ಎಂದೆ. ಪಾಪ, ನಕ್ಕಳು. ಆಗಲೂ ಕೆಂಪೇ.

ಅಷ್ಟರಲ್ಲಿ ಮಗು ಕುಂಯ್ ಎಂದಿತು. ತಂಗಿ ಅದನ್ನು ಎತ್ತಿಕೊಂಡು ಅಕ್ಕನ ಮಗ್ಗುಲಿಗೆ ಬಾಗಿದಳು. ನನ್ನ ಕೈಯಲ್ಲಿದ್ದ ಫೋನಿಗೆ ಅವಳ ಮುಖ ಅಡ್ಡ ಬಂತು. ಸರಿ ಆಚೆ ಎಂದು ನಾನು ಬೈಯುವುದರೊಳಗೆ ಅವಳು ಕಣ್ಣು ಮಿಟುಕಿಸಿಯೂ ಬಿಟ್ಟಿದ್ದಳು.

ಹಸಿರು ಬಂತು.

ಮೊದಲು ನಾನು ನಕ್ಕೆ. ತಂಗಿ ನಾಚಿದಳು. ಮತ್ತೆ ನೋಡಿದೆ, ತಾಯಿಯ ಹೆಸರಿನ ಮುಂದೆ ಹಸಿರೇ ಇತ್ತು. ಅತ್ತೆಗೆ ತಿಳಿಯಲಿಲ್ಲ, ಏನಾಯಿತೆಂದು ಕೇಳಿದಳು. ನಿಮ್ಮ ಸೊಸೆ ಇವಳೇ ಅನ್ನುತ್ತಿದೆ ಫೋನು ಎಂದು ತಂಗಿಯನ್ನು ತೋರಿಸಿದೆ. ಅತ್ತೆ ನನ್ನ ಪಕ್ಕದಲ್ಲಿದ್ದ ಸೊಸೆಯ ಆಧಾರ್ ಕಾರ್ಡು ಎತ್ತಿಕೊಂಡು ದೀಪದ ಕೆಳಗೆ ಹಿಡಿದಳು. ಮದುವೆಯಾದ ಹೊಸದರಲ್ಲಿ ಗಂಡನ ಹೆಸರು ಸೇರಿಸಲು ಹೋದಾಗ ತೆಗೆದ ಫೋಟೊ ಅದು. ಕಾರ್ಡು ನೋಡಿದಳು, ತಂಗಿಯ ತುಂಬಿದ ಕೆನ್ನೆ ನೋಡಿದಳು, ಆಮೇಲೆ ಗೋಡೆಗೆ ಆನಿಕೊಂಡಿದ್ದ ಸೊಸೆಯನ್ನು ಬಹಳ ಹೊತ್ತು ನೋಡಿದಳು.

"ನಾವು ಮನಿ ತುಂಬಿಸ್ಕೊಂಡಾಗ ಹಿಂಗ ಇದ್ಲ್ರೀ," ಕಾರ್ಡಿನ ಮೇಲೆ ಬೆರಳಿಟ್ಟು ಅಂದಳು.

ಸೊಸೆ ತಾನೇ ಬಟ್ಟೆ ಎತ್ತಿಕೊಂಡು ಕಿವಿಗೆ ಸುತ್ತಿಕೊಳ್ಳತೊಡಗಿದಳು. ನಾನು ಪೊಟ್ಟಣಗಳನ್ನು ಚೀಲದಿಂದ ತೆಗೆದು ಅವಳ ಮಡಿಲಲ್ಲಿಟ್ಟೆ. ಆ ವಾರವೇ ತಂಗಿ ಕಂಪ್ಲಿಗೆ ಹೋದಳು. ಬರುವ ತಿಂಗಳು ಫೋನಿನ ಮುಂದೆ ಯಾರನ್ನು ಕೂಡಿಸಬೇಕೆಂದು ನನಗೆ ಗೊತ್ತಿಲ್ಲ.