ಕೇಯಾನಿಗೆ ಹಿಡಿದ ಕನ್ನಡಿ

ಹಿಂದಿನ ದಿನ ಕಂಪ್ಯೂಟರು ಕೊಟ್ಟ ಲೆಕ್ಕವನ್ನು ಕೈಯಲ್ಲೊಮ್ಮೆ ಕೂಡಿ ನೋಡದೆ ಇತ್ಸೀರಿ ಬೆಳಗಿನ ಕೊರುಂಡಾ ಕಡುಬು ಬಾಯಿಗಿಡುತ್ತಿರಲಿಲ್ಲ. ಮೆಸಾನ್ ಎಂಬ ಅತಿಸಣ್ಣ ಕಣದೊಳಗಿನ ಕ್ವಾರ್ಕು, ಪ್ರತಿಕ್ವಾರ್ಕುಗಳ ಜೋಡಿ ಹಂಚಿಕೊಂಡ ಸಂವೇಗದ ಪಾಲುಗಳು ಕೂಡಿದರೆ ಮೊತ್ತ ಒಂದಾಗಬೇಕು. ಆದ ಮೇಲೆ ಶಿಲುಬೆಯ ಗುರುತು ಮಾಡಿ, ಜೋಳದೆಲೆ ಬಿಚ್ಚಿ ತಿನ್ನುವಳು.

ಮೊರೇಲಿಯಾ ನಗರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಅವಳದು ವರ್ಷವರ್ಷವೂ ನವೀಕರಿಸಿಕೊಳ್ಳಬೇಕಾದ ಕೆಲಸ. ಗುಂಪಿನ ಯಜಮಾನರು ಡಾಕ್ಟರ್ ಎವೆಲಿಯೊ. ಅವರಿಗೊಂದು ಅಡ್ಡದಾರಿ ರೂಢಿ. ಪಯಾನ್ ಎಂಬ ಮೆಸಾನಿನೊಳಗಿನ ಜೋಡಿ ಹೆಚ್ಚುಕಡಿಮೆ ಸಮತೂಕದ್ದು. ಪಾಲು ತೋರಿಸುವ ನಕ್ಷೆಯ ಗೆರೆಯನ್ನು ಅರ್ಧ ಲೆಕ್ಕ ಹಾಕಿ, ಉಳಿದರ್ಧಕ್ಕೆ ಕನ್ನಡಿ ಹಿಡಿದರೆ, ಅಂದರೆ ಅದನ್ನೇ ತಿರುಗಿಸಿ ನಕಲು ಮಾಡಿದರೆ ಸಾಕು. ಕೇಯಾನ್ ಎಂಬ ಇನ್ನೊಂದು ಮೆಸಾನ್ ಹಾಗಲ್ಲ. ಅದರ ಜೋಡಿಯಲ್ಲೊಂದು ಸ್ಟ್ರೇಂಜ್ ಎಂಬ ಜಾತಿಯದು, ಭಾರ; ದೊಡ್ಡ ಪಾಲು ಅದಕ್ಕೇ. ಗೆರೆ ಒಂದು ಕಡೆಗೆ ವಾಲಲೇಬೇಕು. ಸಮ್ಮೇಳನದ ಅವಸರದಲ್ಲಿ ಡಾಕ್ಟರು ಅದಕ್ಕೂ ಕನ್ನಡಿ ಹಿಡಿದು ಪ್ರಬಂಧ ಅಚ್ಚು ಹಾಕಿಸಿಬಿಟ್ಟರು.

ಹೊರಗಿನವರು ತಪ್ಪು ಹಿಡಿದರು. ಡಾಕ್ಟರು ತಿದ್ದುಪಡಿ ಬರೆದರು: 'ಸಹಾಯಕಿ ಇತ್ಸೀರಿಯ ಕಣ್ತಪ್ಪು.' ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಅದು ಪ್ರಬಂಧ ಅಚ್ಚಾದ ಪತ್ರಿಕೆಗೆ ಹೋಗುವ ಮೊದಲೇ ಅವಳ ಕಣ್ಣಿಗೆ ಬಿತ್ತು.

"ಇದೇನು ಡಾಕ್ಟರ್, ಕನ್ನಡಿ ಹಿಡಿದವಳು ನಾನಾ?"

"ಬಾ ಮಗಳೇ, ಕೂತ್ಕೋ. ಕಾಫಿ ತರಿಸ್ಲಾ?"

"ಕೂರಲ್ಲ. ಗೆರೆ ವಾಲಿಲ್ಲ, ಕಳಿಸ್ಬೇಡಿ ಅಂದವಳು ನಾನು. 'ವಾಲೋಕೆ ಅದೇನು ನಿಮ್ಮಜ್ಜಿ ಮನೆ ಗೋಡೇನಾ' ಅಂತ ಎಲ್ಲರೆದುರು ನಕ್ಕವರು ನೀವು."

"ತಮಾಷೆ ಕಣಮ್ಮ ಅದು. ನೋಡು, ನನ್ನ ಹೆಸರು ಕೆಟ್ರೆ ಇಡೀ ಗುಂಪೇ ಮುಳುಗುತ್ತೆ. ನಿನ್ನ ಹೆಸರು ಯಾರಿಗೆ ಗೊತ್ತು?"

ಅವಳ ಕಿವಿ ಕಾದುಹೋಯಿತು. ಯಾರಿಗೂ ಗೊತ್ತಿಲ್ಲದ ಹೆಸರಾದರೆ ಕೆಸರು ಮೆತ್ತಬಹುದೆ? ನಾಳೆ ಅವಳ ಲೆಕ್ಕವನ್ನು ಓದುವವರು ಆ ಹೆಸರನ್ನು ನೋಡಿಯೇ ನಂಬಬೇಕು, ಇಲ್ಲವೇ ಪಕ್ಕಕ್ಕೆ ಎಸೆಯಬೇಕು. ಪಯಾನಿಗೂ ಕೇಯಾನಿಗೂ ವ್ಯತ್ಯಾಸ ತಿಳಿಯದವಳು ಎಂದು ಅಚ್ಚಾದರೆ ಅಳಿಸುವವರು ಯಾರು? ಹತ್ತಾರು ವಿದ್ಯಾರ್ಥಿಗಳಿಗೆ ಅದೇ ವ್ಯತ್ಯಾಸ ಕಲಿಸಿದವಳು ಅವಳು. ಅದು ಡಾಕ್ಟರಿಗೂ ಗೊತ್ತಿತ್ತು. ಗೊತ್ತಿದ್ದೇ ಬರೆದಿದ್ದರು.

ಡಾಕ್ಟರು ದನಿ ತಗ್ಗಿಸಿದರು. "ನಮ್ಮ ಸಂಸ್ಥೆಯ ಒರ್ಟೆಗೋನ್ ನಿವೃತ್ತಿ ಆಗ್ತಿದಾರೆ. ಅವರದು ಕಾಯಂ ಜಾಗ. ನೇಮಕದ ಸಮಿತೀಲಿ ನನ್ನ ಮಾತು ನಡೆಯುತ್ತೆ. ಒಂದು ಸಾಲು ನುಂಗ್ಕೊಂಡ್ರೆ ಆಯ್ತಲ್ಲ."

"ನಿಮ್ಮ ತಪ್ಪು ನುಂಗಿ ನಾನು ಕಾಯಂ ಆಗ್ಬೇಕಾ?"

"ಆಮೇಲೆ ಕೇಳಿದ್ರೂ ಸಿಗಲ್ಲ, ಯೋಚ್ನೆ ಮಾಡು."

"ಮಾಡಿಯೇ ಹೇಳ್ತಿದೀನಿ. ಆ ಜಾಗ ನನಗೆ ಬೇಡ ಡಾಕ್ಟರ್. ಆ ಸಾಲಿಂದ ನನ್ನ ಹೆಸರು ತೆಗೀರಿ. ತೆಗೀದಿದ್ರೆ ಪತ್ರಿಕೆಗೆ ನಾನೇ ಬರೀತೀನಿ."